ಹದಿನೆಂಟು ಸಿಲಿಂಡರು, ಮೂರು ಸೆಂಟಿಮೀಟರು

ಜಪಾನಿನ ಯುದ್ಧವಿಮಾನ ಅಂದ ತಕ್ಷಣ ನೆನಪಾಗೋದು ಝೀರೋ. ಅದರ ಮೂಗಿನಲ್ಲಿ ಕೂತಿದ್ದದ್ದು ನಕಾಜಿಮಾ ಕಂಪನಿಯ 14 ಸಿಲಿಂಡರಿನ 'ಸಕಾಎ' ಎಂಜಿನ್. ರೇಡಿಯಲ್ ಎಂಜಿನ್ ಅಂದರೆ ಗಾಡಿಚಕ್ರದ ಅರಗಳ ಹಾಗೆ ಸಿಲಿಂಡರುಗಳನ್ನು ಸುತ್ತಲೂ ಜೋಡಿಸಿದ್ದು. ಸಕಾಎಯಲ್ಲಿ ಏಳೇಳರ ಎರಡು ಸಾಲು, ಒಂದರ ಹಿಂದೊಂದು. ತಂಪು ಮಾಡೋಕೆ ನೀರಿಲ್ಲ, ಎದುರು ಬೀಸುವ ಗಾಳಿಯೇ ಗತಿ. ಬುಲೆಟ್ ಬೈಕಿನ ಎಂಜಿನ್ ಮೇಲಿರೋ ತೆಳು ರೆಕ್ಕೆಗಳನ್ನು ನೋಡಿದ್ದೀರಲ್ಲ, ಅದೇ ಉಪಾಯ. ಒಂದು ಸಾಲಿನಲ್ಲಿ ಯಾವಾಗಲೂ ಬೆಸ ಸಂಖ್ಯೆಯೇ ಇರಬೇಕು. ಒಂದು ಬಿಟ್ಟು ಒಂದು ಸಿಲಿಂಡರು ಉರಿಯುತ್ತಾ, ಎರಡು ಸುತ್ತಿನಲ್ಲಿ ಎಲ್ಲದರ ಸರದಿಯೂ ಮುಗಿಯೋದು ಹಾಗಿದ್ದಾಗ ಮಾತ್ರ.

1940ರಲ್ಲಿ ನಕಾಜಿಮಾದ ಯುವ ಎಂಜಿನಿಯರ್ ರ್ಯೋಇಚಿ ನಕಾಗಾವಾ ಹೊಸ ಎಂಜಿನ್ನಿಗೆ ಕೈ ಹಾಕಿದರು. ಸಿಲಿಂಡರಿನ ಅಳತೆ ಸಕಾಎಯದ್ದೇ, ಸಂಖ್ಯೆ ಮಾತ್ರ 18. ಇಷ್ಟಾದರೂ ವ್ಯಾಸ 115 ಸೆಂಟಿಮೀಟರಿನಿಂದ ಬರೀ 118ಕ್ಕೆ ಏರಿತು. 35.8 ಲೀಟರಿನಲ್ಲಿ 1,800ರಿಂದ 2,000 ಅಶ್ವಶಕ್ತಿ! ಅದೇ ಶಕ್ತಿಗೆ ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಆರ್-2800 ಎಂಜಿನ್ 46 ಲೀಟರು, 134 ಸೆಂಟಿಮೀಟರು ತಗೊಂಡಿತ್ತು. ಹೊಸ ಎಂಜಿನ್ನಿಗೆ 'ಹೊಮಾರೆ' ಅಂತ ಹೆಸರಿಟ್ಟರು. ಗೌರವ ಅಂತ ಅರ್ಥ.

ಆದರೆ ಈ ಲೆಕ್ಕವೆಲ್ಲ ನಿಂತಿದ್ದದ್ದು 100 ಆಕ್ಟೇನ್ ಪೆಟ್ರೋಲಿನ ಮೇಲೆ. 1940ರಲ್ಲೇ ಅಮೆರಿಕ ವಿಮಾನದ ಪೆಟ್ರೋಲಿಗೆ ತಡೆ ಹಾಕಿತು, 1941ರಲ್ಲಿ ಎಣ್ಣೆಯನ್ನೇ ನಿಲ್ಲಿಸಿತು. ಇದ್ದ ಕೀಳು ಪೆಟ್ರೋಲಿನ ಜೊತೆಗೆ ನೀರು, ಮೆಥನಾಲ್ ಚಿಮ್ಮಿಸಿ ಸಂಭಾಳಿಸಿದರು. ಆಮೇಲೆ ನಿಕ್ಕಲ್ ಸಾಲದಾಯ್ತು. ನುರಿತ ಕೆಲಸಗಾರರು ಸೈನ್ಯಕ್ಕೆ ಹೋದರು, ಲೇತಿನ ಮುಂದೆ ಶಾಲೆ ಹುಡುಗರು ಬಂದು ನಿಂತರು. ಬೇರಿಂಗ್ ಕಚ್ಚಿಕೊಳ್ಳೋದು, ಎಣ್ಣೆ ಸೋರೋದು ಮಾಮೂಲಾಯ್ತು. 'ನನ್ನ ಲ್ಯಾಪ್‌ಟಾಪಿನಲ್ಲಿ ಓಡ್ತಿತ್ತಲ್ಲಾ' ಅಂತ ನಾವು ಆಫೀಸಿನಲ್ಲಿ ರಾಗ ಎಳೀತೀವಲ್ಲ, ಅದರ 18 ಸಿಲಿಂಡರಿನ ಅವತಾರ ಇದು. ನಕಾಗಾವಾ ಅವರ ವಿನ್ಯಾಸ ಕೆಟ್ಟದ್ದು ಅಂತ ನಾನು ಹೇಳಲ್ಲ. ಆದರೆ ಅದರಲ್ಲಿ ತಪ್ಪಿಗೆ ಒಂದು ಕೂದಲೆಳೆಯಷ್ಟೂ ಜಾಗ ಇಟ್ಟಿರಲಿಲ್ಲ. ಎಲ್ಲವೂ ತಪ್ಪಾಗುವ ಕಾಲಕ್ಕೆ ಸರಿಯಾಗಿ ಅದು ಕಾರ್ಖಾನೆಗೆ ಬಂತು.

ಝೀರೋ ರೂಪಿಸಿದ ಜಿರೋ ಹೊರಿಕೋಶಿ ಅದರ ಉತ್ತರಾಧಿಕಾರಿ 'ರೆಪ್ಪು'ವಿಗೆ ತಮ್ಮದೇ ಮಿತ್ಸುಬಿಷಿಯ 2,200 ಅಶ್ವಶಕ್ತಿಯ ಹಾ-43 ಎಂಜಿನ್ ಕೇಳಿದರು. ನೌಕಾಪಡೆ ಹೊಮಾರೆಯನ್ನೇ ಹಾಕಿ ಅಂತ ಹಟ ಹಿಡೀತು. 1944ರ ಮೇ ತಿಂಗಳಲ್ಲಿ ಹಾರಿದ ರೆಪ್ಪುವಿನ ವೇಗ ಗಂಟೆಗೆ 574 ಕಿಲೋಮೀಟರ್ ದಾಟಲಿಲ್ಲ. ಅಕ್ಟೋಬರಿನಲ್ಲಿ ಹಾ-43 ಕೂರಿಸಿದ ಮೇಲೆ ಸುಮಾರು 628. ಹೊರಿಕೋಶಿ ಗೆದ್ದರು, ಸರಿ. ಆದರೆ ಡಿಸೆಂಬರ್ 7ರಂದು ನಗೋಯಾ ಭಾಗದಲ್ಲಿ ಭಾರೀ ಭೂಕಂಪ. ವಾರದೊಳಗೆ, 13ನೇ ತಾರೀಖು, ಅಲ್ಲಿನ ಮಿತ್ಸುಬಿಷಿ ಎಂಜಿನ್ ಕಾರ್ಖಾನೆ ಮೇಲೆ ಬಿ-29ಗಳ ಬಾಂಬು. ಹಾ-43 ಅಲ್ಲಿಗೇ ಕುಂಟಿತು. ಈ ನಗೋಯಾದ ವಿಮಾನ ಕಾರ್ಖಾನೆ ಎಂಥದ್ದು ಅಂದರೆ, ಪಕ್ಕದಲ್ಲಿ ರನ್‌ವೇ ಇಲ್ಲದೆ 1939ರಲ್ಲಿ ಮೊದಲ ಝೀರೋವನ್ನು ಎತ್ತಿನ ಗಾಡಿ ಮೇಲೆ ಹೇರಿ ಸುಮಾರು 48 ಕಿಲೋಮೀಟರ್ ಸಾಗಿಸಿದ್ದರು. ಗೊಬ್ಬರದ ಗಾಡಿ ಹೊಡೆದು ಬೆಳೆದ ನನಗೆ ಇದು ಬಹಳ ಇಷ್ಟದ ವಿವರ.

ಇಷ್ಟವಾಗದ್ದೂ ಒಂದಿದೆ. ಆ ಭೂಕಂಪದಲ್ಲಿ ಸತ್ತವರಲ್ಲಿ ಕೊರಿಯಾದಿಂದ ಕರೆತಂದ ಹುಡುಗಿಯರೂ ಇದ್ದರು. ಜಪಾನಿಗೆ ಬಂದರೆ ಓದಿಸ್ತೀವಿ ಅಂತ ನಂಬಿಸಿ ಹದಿಮೂರು ಹದಿನಾಲ್ಕರ ಮಕ್ಕಳನ್ನು ಮಿತ್ಸುಬಿಷಿಯ ವಿಮಾನ ಕಾರ್ಖಾನೆಯಲ್ಲಿ ದುಡಿಸಿದ್ದರು. ಬದುಕುಳಿದವರು ಮುಪ್ಪಿನವರೆಗೂ ಕೋರ್ಟು ಅಲೆದರು. ಕಂಪನಿ ಪರಿಹಾರ ಕೊಡಬೇಕು ಅಂತ ದಕ್ಷಿಣ ಕೊರಿಯಾದ ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಅಶ್ವಶಕ್ತಿಯ ಪಟ್ಟಿಗಳಲ್ಲಿ ಇವರಿಗೆ ಕಾಲಂ ಇಲ್ಲ.

ಎಂಜಿನ್ನುಗಳ ಆಸೆ ಮಾತ್ರ ದೊಡ್ಡದಾಗುತ್ತಲೇ ಹೋಯಿತು. ಅಮೆರಿಕಕ್ಕೇ ಹೋಗಿ ಬಾಂಬು ಹಾಕಬೇಕಿದ್ದ 'ಫುಗಾಕು' ವಿಮಾನಕ್ಕೆ ನಕಾಜಿಮಾ 36 ಸಿಲಿಂಡರಿನ, 5,000 ಅಶ್ವಶಕ್ತಿಯ ಎಂಜಿನ್ ಯೋಚಿಸಿತ್ತು. 1944ರಲ್ಲಿ ಯೋಜನೆಯೇ ರದ್ದಾಯಿತು. ಇನ್ನೊಂದು ಕಡೆ ಪೈನ್ ಮರದ ಬೇರು ಅಗೆದು ಎಣ್ಣೆ ತೆಗೀರಿ ಅಂತ ಹಳ್ಳಿಯ ಜನರನ್ನು ಕಾಡಿಗೆ ಅಟ್ಟುತ್ತಿದ್ದರು. 200 ಬೇರಿಗೆ ಒಂದು ವಿಮಾನದ ಒಂದು ಗಂಟೆ ಹಾರಾಟ ಅನ್ನೋದು ಆಗಿನ ಲೆಕ್ಕ.

ಯುದ್ಧದ ನಂತರ ನಕಾಗಾವಾ ಪ್ರಿನ್ಸ್ ಕಂಪನಿ ಸೇರಿ ಕಾರುಗಳನ್ನು ಮಾಡಿದರು. ಮಿತ್ಸುಬಿಷಿಯ ಇನ್ನೊಂದು ದೈತ್ಯ ಎಂಜಿನ್ ಹಾ-50, ಹನ್ನೊಂದರ ಎರಡು ಸಾಲು, ಒಟ್ಟು 22 ಸಿಲಿಂಡರು, 66 ಲೀಟರು, ಯಾವ ಯುದ್ಧಕ್ಕೂ ಹೋಗಲಿಲ್ಲ. 1984ರಲ್ಲಿ ಟೋಕಿಯೋದ ಹಾನೆಡಾ ವಿಮಾನ ನಿಲ್ದಾಣ ವಿಸ್ತರಿಸೋಕೆ ನೆಲ ಅಗೆದಾಗ ಅಂಥದ್ದೊಂದು ಮಣ್ಣಿನಡಿ ಸಿಕ್ಕಿತು. ಈಗ ಅದು ನರಿತಾ ವಿಮಾನ ನಿಲ್ದಾಣದ ಪಕ್ಕದ ಮ್ಯೂಸಿಯಮ್ಮಿನಲ್ಲಿದೆ, ತುಕ್ಕಿನ ಸಮೇತ.