ಕಂಬಳಿಯ ತಪ್ಪಲ್ಲ: ಸೈನ್ಯವನ್ನು ಕಾಡಿದ ಕಜ್ಜಿಯ ಕತೆ

ಬಿಜಾಪುರದಲ್ಲಿ (ಇಂದಿನ ವಿಜಯಪುರ) ಸೈನಿಕ ಶಾಲೆ ಪ್ರಾರಂಭವಾದದ್ದು 1963ರ ಸೆಪ್ಟೆಂಬರ್ 16ರಂದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮಕ್ಕಳಿಗೆ ಸೇನಾಧಿಕಾರಿಯಾಗುವ ದಾರಿಯಲ್ಲಿ ಹತ್ತಿರದ ಮೆಟ್ಟಿಲು ಇದು. ಮುಂದಿನ ಮೆಟ್ಟಿಲು ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಇಂಥ ಕಡೆ ಎಲ್ಲರೂ ಒಟ್ಟಿಗೆ ವಾಸಿಸುತ್ತಾರೆ. ಹೀಗೆ ಒಟ್ಟಿಗಿರುವವರನ್ನು ಹುಡುಕಿಕೊಂಡು ಬರುವ ಹಳೆಯ ರೋಗವೊಂದಿದೆ. ಅದೇ ಕಜ್ಜಿ.

ರಾತ್ರಿಯಾದರೆ ಬೆರಳ ಸಂದು, ಮಣಿಕಟ್ಟು, ಸೊಂಟದ ಸುತ್ತ ತಡೆಯಲಾರದ ತುರಿಕೆ. ಆದರೂ ಹುಡುಗ ಬಾಯಿ ಬಿಡುವುದಿಲ್ಲ. 'ಕೊಳಕ' ಎಂದಾರು ಎಂಬ ನಾಚಿಕೆ ಒಂದೆಡೆ, ತರಬೇತಿ ತಪ್ಪೀತು ಎಂಬ ಭಯ ಇನ್ನೊಂದೆಡೆ. ಈ ಮೌನ ಎಷ್ಟು ದುಬಾರಿ ಎಂಬುದನ್ನು ವಿಜ್ಞಾನದ ಇತಿಹಾಸ ತಿಳಿಸುತ್ತದೆ.

1687ರಲ್ಲಿ ಇಟಲಿಯ ವೈದ್ಯ ಬೊನೊಮೊ, ಔಷಧ ವ್ಯಾಪಾರಿ ಚೆಸ್ಟೋನಿಯ ಜೊತೆಗೂಡಿ, ಕಜ್ಜಿಯ ಗುಳ್ಳೆಗಳ ಬಳಿಯಿಂದ ತೆಗೆದ ನುಸಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಅದರ ಚಿತ್ರ ಬಿಡಿಸಿದ. ದೇಹದ ರಸಗಳು ಕೆಡುವುದೇ ರೋಗಕ್ಕೆ ಕಾರಣವೆಂದು ನಂಬಿದ್ದ ಅಂದಿನ ವೈದ್ಯರು ಅದನ್ನು ಒಪ್ಪಲಿಲ್ಲ. 1834ರಲ್ಲಿ ರೆನುಚ್ಚಿ ಎಂಬ ವೈದ್ಯ ವಿದ್ಯಾರ್ಥಿ ಪ್ಯಾರಿಸಿನ ಆಸ್ಪತ್ರೆಯೊಂದರಲ್ಲಿ ಸೂಜಿಮೊನೆಯಿಂದ ನುಸಿಯನ್ನು ಎಲ್ಲರೆದುರು ಹೊರತೆಗೆದು ತೋರಿಸಿದ. ಆ ಕೌಶಲ ಅವನ ಊರಾದ ಕಾರ್ಸಿಕಾದ ಹೆಂಗಸರಿಗೆ ಮೊದಲೇ ತಿಳಿದಿತ್ತು!

ಕಾರಣವೇನೋ ತಿಳಿಯಿತು. ಆದರೆ ರೋಗ ಹರಡುವುದು ಹೇಗೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರಲ್ಲಿ ಕಜ್ಜಿ ಹೆಚ್ಚಿತು. ಕಂಬಳಿ, ಒಳಉಡುಪುಗಳೇ ಕಾರಣವೆಂದು ನಂಬಿ ಅವನ್ನು ಬಿಸಿಗೊಡ್ಡಿ ಶುದ್ಧೀಕರಿಸಲಾಗುತ್ತಿತ್ತು. 1941ರಲ್ಲಿ ಕೀಟವಿಜ್ಞಾನಿ ಕೆನೆತ್ ಮೆಲನ್ಬಿ ಶೆಫೀಲ್ಡಿನಲ್ಲಿ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಯುದ್ಧ ಮಾಡಲು ಮನಸ್ಸಾಕ್ಷಿ ಒಪ್ಪದ ಶಾಂತಿವಾದಿಗಳೇ ಅವರ ಸ್ವಯಂಸೇವಕರು. ರೋಗಿಗಳು ತೊಟ್ಟು ಬಿಟ್ಟ ಉಡುಪನ್ನು ತೊಟ್ಟು, ಅವರು ಹೊದ್ದ ಕಂಬಳಿಯನ್ನು ಹೊದ್ದು ಮಲಗಿದರು. ಇಂಥ 63 ಪ್ರಯೋಗಗಳಲ್ಲಿ ರೋಗ ತಗುಲಿದ್ದು ಕೇವಲ ಇಬ್ಬರಿಗೆ! ಕಜ್ಜಿ ಮುಖ್ಯವಾಗಿ ಹರಡುವುದು ಚರ್ಮಕ್ಕೆ ಚರ್ಮ ತಾಗುವ ನಿಕಟ ಸಂಪರ್ಕದಿಂದ ಎಂದು ಸ್ಪಷ್ಟವಾಯಿತು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. ಮೊದಲ ಬಾರಿ ನುಸಿ ಹೊಕ್ಕವರಿಗೆ ಸುಮಾರು ಒಂದು ತಿಂಗಳು ತುರಿಕೆಯೇ ಇರಲಿಲ್ಲ. ಎರಡನೆಯ ಬಾರಿ ಹೊಕ್ಕಾಗ ಒಂದೇ ದಿನದಲ್ಲಿ ತುರಿಕೆ ಕಾಣಿಸಿಕೊಂಡಿತು. ಏಕೆಂದರೆ ತುರಿಕೆ ನುಸಿಯ ಕಡಿತವಲ್ಲ, ನುಸಿಗೆ ನಮ್ಮ ರೋಗರಕ್ಷಣಾ ವ್ಯವಸ್ಥೆ ತೋರುವ ಪ್ರತಿಕ್ರಿಯೆ. ಮೈಯೆಲ್ಲ ಕೆರೆದುಕೊಳ್ಳುವ ರೋಗಿಯ ಮೇಲೂ ಸರಾಸರಿ 11ರಷ್ಟು ಹೆಣ್ಣು ನುಸಿಗಳಷ್ಟೇ ಇದ್ದವು.

ಇದರ ಅರ್ಥವೇನು? ತುರಿಕೆ ಇಲ್ಲದವನೂ ರೋಗ ಹರಡಬಲ್ಲ. ಒಬ್ಬ ಮುಚ್ಚಿಟ್ಟರೆ, ಚಿಕಿತ್ಸೆ ಪಡೆದ ಗೆಳೆಯನಿಗೂ ಮತ್ತೆ ತಗುಲುತ್ತದೆ. ಆದ್ದರಿಂದ ನಿಕಟ ಸಂಪರ್ಕದವರೆಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಮೆಲನ್ಬಿಯವರ ಕಾಲದಲ್ಲಿ ಬೆಂಜೈಲ್ ಬೆಂಜೋಯೇಟ್ ಬಳಕೆಯಲ್ಲಿತ್ತು. ಇಂದು ಸಾಮಾನ್ಯವಾಗಿ ಶೇಕಡಾ 5ರ ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ ಪಾದದವರೆಗೆ ಹಚ್ಚಿ, ರಾತ್ರಿಯಿಡೀ ಬಿಟ್ಟು, ಒಂದೆರಡು ವಾರದ ನಂತರ ಮತ್ತೆ ಹಚ್ಚುತ್ತಾರೆ. ಬಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆಯುವುದು ಒಳ್ಳೆಯದೇ, ಆದರೆ ಅದಷ್ಟೇ ಸಾಲದು. ನುಸಿ ಸತ್ತ ಮೇಲೂ ಕೆಲವು ವಾರ ತುರಿಕೆ ಇರಬಹುದು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ರೋಗಲಕ್ಷಣವನ್ನು ಮರೆಮಾಚುತ್ತದೆ, ರೋಗವನ್ನಲ್ಲ. ಕೆರೆದ ಗಾಯಕ್ಕೆ ಸ್ಟ್ರೆಪ್ಟೊಕಾಕಸ್ ಸೇರಿದರೆ ಮೂತ್ರಪಿಂಡಕ್ಕೂ ಅಪಾಯ.

ವೈದ್ಯರ ಬಳಿ ಹೋದಾಗ ತುರಿಕೆ ಎಂದು ಶುರುವಾಯಿತು, ಎಲ್ಲೆಲ್ಲಿದೆ, ರಾತ್ರಿ ಹೆಚ್ಚುತ್ತದೆಯೇ, ಜೊತೆಯವರಲ್ಲಿ ಯಾರಿಗಿದೆ, ಈಗಾಗಲೇ ಏನು ಹಚ್ಚಿದ್ದೇವೆ ಎಂಬ ಐದು ಸಂಗತಿಗಳನ್ನು ತಿಳಿಸಬೇಕು.

ತರಬೇತಿ ತಪ್ಪೀತು ಎಂಬ ಭಯಕ್ಕೂ ಉತ್ತರವಿದೆ. ರಕ್ಷಣಾ ಅಕಾಡೆಮಿಯ ಪ್ರವೇಶ ಅಧಿಸೂಚನೆಗಳಲ್ಲಿ ಪ್ರಕಟವಾಗಿರುವ ವೈದ್ಯಕೀಯ ಮಾನದಂಡದಂತೆ, ಕಜ್ಜಿ ಇರುವವರನ್ನು ಗುಣವಾದ ನಂತರ ಶಿಫಾರಸು ಮಾಡಬಹುದು. ಅಂದರೆ ಅದು ಶಾಶ್ವತ ಅನರ್ಹತೆಯಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಕೈ ಕೆರೆದುಕೊಳ್ಳುತ್ತಿದ್ದರೆ ಗದರಿಸದೆ, ಪಕ್ಕಕ್ಕೆ ಕರೆದು ವಿಚಾರಿಸಿ. ನಿರ್ಲಕ್ಷ್ಯ ಕೊನೆಗಾಣುವುದು ಅಲ್ಲಿಂದಲೇ ಅಲ್ಲವೇ?