ಹಳೆಯ ಎಂಜಿನ್ ಗುಜರಿಗೆ ಹಾಕುವ ಮೊದಲು

ತೋಟದ ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದು ಕುಳಿತಿರುವ ಪಂಪಿನ ಎಂಜಿನನ್ನು ಏನು ಮಾಡಬೇಕು? ಅಡಿಕೆ ತೋಟವಿರುವ ನಮ್ಮ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಇದೆ. ಗುಜರಿ ವ್ಯಾಪಾರ ಮಾಡುವ ನಮ್ಮವರಿಗಂತೂ ಇದು ದಿನನಿತ್ಯದ ವಿಷಯ. ಉತ್ತರಕ್ಕಾಗಿ ಕರಾವಳಿಯಿಂದ ದೂರದ ಒಂದು ಊರಿನ ಚರಿತ್ರೆ ನೋಡೋಣ.

ಅಂಚೆಟ್ಟಿ ಈಗ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಹಿಂದೆ ಈ ಹೊಸೂರು ಸೀಮೆ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿತ್ತು. 1956ರ ಭಾಷಾವಾರು ವಿಂಗಡಣೆಯಲ್ಲೂ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಕನ್ನಡ ಮನೆಮಾತಾಗಿರುವವರು ಇಂದಿಗೂ ಅಲ್ಲಿದ್ದಾರೆ. ಕಾಡಂಚಿನ ಈ ನೆಲದ ಮುಖ್ಯ ಬೆಳೆ ರಾಗಿ.

ಈ ಸೀಮೆಯಲ್ಲಿ ಬಾವಿಯ ನೀರು ಮೇಲೆತ್ತುತ್ತಿದ್ದುದು ಕಪಿಲೆ. ಎರಡು ಎತ್ತುಗಳು ಇಳಿಜಾರಿನಲ್ಲಿ ನಡೆದಂತೆ ರಾಟೆಯ ಮೇಲಿನ ಹಗ್ಗ ಎಳೆದು ಚರ್ಮದ ಬಾನಿ ಮೇಲೆ ಬರುತ್ತಿತ್ತು. 20ನೇ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದ್ರಾಸ್ ಪ್ರಾಂತ್ಯದಲ್ಲಿ ಆಯಿಲ್ ಎಂಜಿನ್‌ನಿಂದ ನೀರೆತ್ತುವ ಪ್ರಯೋಗಗಳನ್ನು ನಡೆಸಿದರು. 1912ರಲ್ಲಿ ಅವರು ಮೈಸೂರು ಸಂಸ್ಥಾನದ ಸೇವೆಗೆ ಬಂದರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸ್ಥಾಪನೆಯಾಯಿತು. ಮುಂದೆ ದೇಶದಲ್ಲೇ ತಯಾರಾದ ಡೀಸೆಲ್ ಎಂಜಿನ್‌ಗಳು ಹಳ್ಳಿಗಳನ್ನು ತಲುಪಿದವು.

ಆಮೇಲೆ ಕರೆಂಟು ಬಂತು. ತಮಿಳುನಾಡು ಸರಕಾರ 1984ರಲ್ಲಿ ಸಣ್ಣ ರೈತರಿಗೆ, 1990ರ ಹೊತ್ತಿಗೆ ಎಲ್ಲ ರೈತರಿಗೆ ಪಂಪಿನ ವಿದ್ಯುತ್ತನ್ನು ಉಚಿತ ಮಾಡಿತು. ಇನ್ನು ದುಡ್ಡು ಕೊಟ್ಟು ಡೀಸೆಲ್ ಸುರಿಯುವವರು ಯಾರು? ಎಂಜಿನ್ ಮೂಲೆ ಸೇರಿದ್ದು ಕೆಟ್ಟು ಹೋದದ್ದರಿಂದಲ್ಲ, ಲೆಕ್ಕ ಬದಲಾದದ್ದರಿಂದ.

ಕಪಿಲೆಯದ್ದು ಮರ, ಹಗ್ಗ, ಚರ್ಮ. ಉಳಿಸಬೇಕೇ ಬೇಡವೇ ಎಂದು ಯಾರೂ ಕೇಳುವ ಮೊದಲೇ ಗೆದ್ದಲು ತಿಂದಿತು. ಎಂಜಿನ್ ಕಬ್ಬಿಣದ್ದು. ಅದು ನಮ್ಮ ತೀರ್ಮಾನಕ್ಕೆ ಕಾಯುತ್ತದೆ.

ಹಾಗೆಂದು ಎಲ್ಲವನ್ನೂ ಉಳಿಸಬೇಕಿಲ್ಲ. ಮಕ್ಕಳ ಫೀಸಿಗೆ ಹಣ ಬೇಕಾದ ಮನೆಯವರು ಹಳೆಯ ಕಬ್ಬಿಣ ಮಾರಿದರೆ ತಪ್ಪೇನೂ ಇಲ್ಲ. ಗುಜರಿ ಎಂದರೆ ಬರೀ ಒಡೆಯುವ ಕೆಲಸವೂ ಅಲ್ಲ. ಅನುಭವಿ ವ್ಯಾಪಾರಿ ಫ್ಲೈವೀಲ್, ಪಿಸ್ಟನ್, ಫ್ಯೂಯೆಲ್ ಪಂಪುಗಳನ್ನು ಬೇರೆ ತೆಗೆದಿಡುತ್ತಾನೆ. ಅವು ಇನ್ನೊಂದು ಎಂಜಿನ್‌ಗೆ ಜೀವ ಕೊಡುತ್ತವೆ. ಉಳಿದದ್ದು ಕುಲುಮೆಗೆ ಹೋಗಿ ಹೊಸ ಕಬ್ಬಿಣವಾಗುತ್ತದೆ.

ಆದರೆ ತೂಕಕ್ಕೆ ಹಾಕುವ ಮೊದಲು ಮೂರು ಮಾತು ಕೇಳಿ. ರಿಪೇರಿ ಮಾಡಿದರೆ ಇದು ನಡೆಯುತ್ತದೆಯೇ? ಊರಲ್ಲಿ ಇಂಥದ್ದು ಇನ್ನೊಂದಿದೆಯೇ? ಇದನ್ನು ನಡೆಸಿದವರು ಬದುಕಿದ್ದಾರೆಯೇ? ಊರಿಗೆಲ್ಲ ಇದೊಂದೇ ಉಳಿದಿದ್ದರೆ ಒಡೆಯುವ ಅವಸರ ಬೇಡ. ರಾಮನಗರದ ಬಳಿಯ ಜಾನಪದ ಲೋಕ, ಬಿ.ಸಿ. ರೋಡಿನ ತುಳು ಬದುಕು ವಸ್ತು ಸಂಗ್ರಹಾಲಯ ಇಂಥ ಜಾಗಗಳಲ್ಲಿ ವಿಚಾರಿಸಿ ನೋಡಬಹುದು.

ಕೊಡಲೇಬೇಕಾದರೆ ನೇಮ್ ಪ್ಲೇಟಿನ ಫೋಟೊ ತೆಗೆದಿಡಿ. ಹ್ಯಾಂಡಲ್ ತಿರುಗಿಸಿ ಅದನ್ನು ಶುರು ಮಾಡುತ್ತಿದ್ದ ಹಿರಿಯರನ್ನು ಪಕ್ಕದಲ್ಲಿ ಕೂರಿಸಿ, ಅವರ ಮಾತನ್ನು ಮೊಬೈಲಿನಲ್ಲಿ ದಾಖಲಿಸಿ. ಕಬ್ಬಿಣದ ರೇಟು ನಾಳೆಯೂ ಸಿಗುತ್ತದೆ. ಆ ಹಿರಿಯರ ನೆನಪು ನಾಳೆ ಸಿಗುತ್ತದೆಂಬ ಖಾತ್ರಿ ಇಲ್ಲ.