ಕಬ್ಬಿನ ಬಿಲ್ಲು ಮತ್ತು ಸರಕಾರದ ಆಸರೆ: ನಮ್ಮ ಭಾಗದ ಒಂದು ಹಿನ್ನೋಟ

ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿರೆಂದು ಆಡಳಿತ ಮಂಡಳಿಯವರು ಅಪ್ಪಣೆ ಮಾಡಿದಾಗ ಏನು ಬರೆಯಬೇಕೆಂದು ನಾವು ಬಹಳ ವಿಚಾರ ಮಾಡಿದೆವು. ಶೇರು ಬಂಡವಾಳ, ಠೇವು, ಲಾಭ-ಹಾನಿಯ ಲೆಕ್ಕ ವಾರ್ಷಿಕ ಅಹವಾಲಿನಲ್ಲಿ ಇದ್ದೇ ಇರುತ್ತದೆ. ಅಹವಾಲಿನಲ್ಲಿ ಬಾರದ, ಆದರೆ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಸಂಘದ ಕಟ್ಟೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಸಾರಿ ಕೇಳಿಬಂದ ಮಾತು ಒಂದಿದೆ. "ಬಿಲ್ಲ ಇನ್ನೂ ಬಂದಿಲ್ರಿ, ಬಂದ ಕೂಡ್ಲೆ ತುಂಬತೇನ್ರಿ." ವಸೂಲಿಗೆ ಹೋದ ನಮ್ಮ ಸೆಕ್ರೆಟರಿಯವರಿಗೆ ಈ ಮಾತು ಬಾಯಿಪಾಠವಾಗಿದೆ. ಹೇಳುವವರೂ ಸುಳ್ಳು ಹೇಳುತ್ತಿರಲಿಲ್ಲ. ಆ ಬಿಲ್ಲು ಏಕೆ ಬರುವುದಿಲ್ಲ, ಬಾರದಿದ್ದಾಗ ಸರಕಾರ ಏನು ಮಾಡಿತು ಎಂಬುದನ್ನೇ ಇಲ್ಲಿ ನಾಲ್ಕು ಮಾತುಗಳಲ್ಲಿ ಬರೆಯುತ್ತೇವೆ.

ಮುಗಳಖೋಡ ಎಂದರೆ ಹೊರಗಿನವರಿಗೆ ಯಲ್ಲಾಲಿಂಗ ಮಠ. ನಮಗೆ ಮಠದ ಜೊತೆಗೆ ಕಾಲುವೆ. 1897ರಲ್ಲಿ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿದರು. ಮುಂದೆ ಹಿಡಕಲ್ ಅಣೆಕಟ್ಟು ಆಗಿ ಎಡದಂಡೆ ಕಾಲುವೆಯ ನೀರು ಗಟ್ಟಿಯಾದ ಮೇಲೆ ಈ ಭಾಗದ ಬೆಳೆಯೇ ಬದಲಾಯಿತು. ಜೋಳ, ಸಜ್ಜೆ ಇದ್ದ ಹೊಲಕ್ಕೆ ಕಬ್ಬು, ಅರಿಷಿಣ, ಗೋವಿನಜೋಳ ಬಂದವು. ಹಿರಿಯರು ಕಬ್ಬನ್ನು ಮೊದಲು ಗಾಣಕ್ಕೆ ಹಾಕುತ್ತಿದ್ದರು. ಬೆಲ್ಲ ಮಾಡಿ ಗಾಡಿ ಹೂಡಿ ಮಹಾಲಿಂಗಪುರದ ಪೇಟೆಗೆ ಒಯ್ಯುವುದು. ಅಲ್ಲಿ ಅಡತಿಯವರು ಪೆಂಟೆಗೆ ಕೈ ಹಾಕಿ ಬಣ್ಣ ನೋಡಿ ದರ ಹೇಳುವರು. ರೋಖ ಅರ್ಧ, ಉದ್ರಿ ಅರ್ಧ. ಉದ್ರಿ ಯಾವಾಗ ಕೈಗೆ ಬರುವುದೆಂಬುದು ಅಡತಿಯವನ ಮರ್ಜಿ. ಮಗಳ ಲಗ್ನಕ್ಕೆ ಅದೇ ಅಡತಿಯವನಲ್ಲಿ ಮುಂಗಡ ತೆಗೆದುಕೊಂಡಿದ್ದರೆ ದರದ ಮಾತೇ ಇಲ್ಲ.

ಪೇಟೆಯಲ್ಲಿ ರೈತನಿಗೆ ಮೋಸವಾಗಬಾರದೆಂದು ಸರಕಾರ ಕೈ ಹಾಕಿದ್ದು ನಿನ್ನೆ ಮೊನ್ನೆಯ ಸಂಗತಿಯಲ್ಲ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗಲೇ 1939ರಲ್ಲಿ ಕೃಷಿ ಹುಟ್ಟುವಳಿ ಪೇಟೆಗಳ ಕಾಯದೆ ಬಂದಿತ್ತು. ಕರ್ನಾಟಕದ ಕಾಯದೆ ಬಂದದ್ದು 1966ರಲ್ಲಿ. ಬಹಿರಂಗ ಸವಾಲು, ಸರಿಯಾದ ತೂಕ, ಹಣ ತಕ್ಷಣ ಪಾವತಿ ಎಂದು ಕಾಗದದ ಮೇಲೆ ಎಲ್ಲವೂ ಚೆನ್ನಾಗಿಯೇ ಇತ್ತು.

ಕಾಗದಕ್ಕೂ ಪೇಟೆಗೂ ಎಷ್ಟು ದೂರವೆಂಬುದನ್ನು ತೋರಿಸಿದ್ದು ನಿಪ್ಪಾಣಿ. ಅಲ್ಲಿಯ ಬೀಡಿ ತಂಬಾಕಿಗೆ ಆಗ ದೊಡ್ಡ ಹೆಸರು. ಆದರೆ ತಂಬಾಕು ಮಂಡಳಿ ನೋಡಿಕೊಳ್ಳುವುದು ವರ್ಜೀನಿಯಾ ತಂಬಾಕನ್ನು, ಬೀಡಿ ತಂಬಾಕಿನವರಿಗೆ ಅದರ ಆಸರೆ ಇಲ್ಲ. ದರ ವ್ಯಾಪಾರಿಗಳು ಹೇಳಿದ್ದೇ, ಹಣ ಅವರು ಕೊಟ್ಟಾಗಲೇ. 1981ರ ಮಾರ್ಚ್ 14ರಿಂದ ರೈತರು ಶರದ ಜೋಶಿಯವರ ಮುಂದಾಳುತನದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ಬಿಡಾರ ಹೂಡಿದರು. ಮರಾಠಿ ಮಾತನಾಡುವವರು, ಕನ್ನಡ ಮಾತನಾಡುವವರು, ಹೆಣ್ಣುಮಕ್ಕಳು, ಮುದುಕರು ಎಲ್ಲರೂ ರಸ್ತೆಯ ಮೇಲೆ. ಮೂರು ವಾರ ದಾಟಿದ ಮೇಲೆ ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಗುಂಡೂರಾಯರು ಆಗ ಮುಖ್ಯಮಂತ್ರಿಗಳು. ಹಿಂದಿನ ವರ್ಷವೇ, 1980ರ ಜುಲೈ 21ರಂದು, ನರಗುಂದ-ನವಲಗುಂದದಲ್ಲಿ ನೀರಿನ ಕರದ ಸಲುವಾಗಿ ಗೋಲಿಬಾರ ಆಗಿತ್ತು. ಒಂಬತ್ತು ತಿಂಗಳಲ್ಲಿ ಎರಡು ಸಲ! ಗಡಿವಾದದ ಊರೆಂದೇ ನಿಪ್ಪಾಣಿಯನ್ನು ಬಲ್ಲವರಿಗೆ ಅಲ್ಲಿ ಎರಡೂ ಭಾಷೆಯ ರೈತರು ಒಂದೇ ರಸ್ತೆಯ ಮೇಲೆ ಕುಳಿತಿದ್ದರೆಂಬುದನ್ನು ನೆನಪು ಮಾಡಿಕೊಡಬೇಕೆನಿಸುತ್ತದೆ.

ಇನ್ನು ಕಬ್ಬಿಗೆ ಬರೋಣ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಈ ಭಾಗದ ಹಳೆಯ ಕಾರಖಾನೆ. ಆಮೇಲೆ ಸಂಕೇಶ್ವರ, ಗೋಕಾಕ, ಚಿಕ್ಕೋಡಿ, ರಾಯಬಾಗ, ಅಥಣಿ, ನಿಪ್ಪಾಣಿಗಳಲ್ಲಿ ಸಹಕಾರಿ ಕಾರಖಾನೆಗಳು ಎದ್ದವು. ಮಹಾಲಿಂಗಪುರದ ಆಚೆ ಸಮೀರವಾಡಿ ಇದೆ. ಶೇರು ಹಾಕಿದ ರೈತನೇ ಕಾರಖಾನೆಯ ಮಾಲೀಕನೆಂದು ಹೇಳಿದ್ದರಿಂದ ನಮ್ಮ ಹಿರಿಯರು ಎಮ್ಮೆ ಮಾರಿ ಶೇರು ತೆಗೆದುಕೊಂಡಿದ್ದುಂಟು. ಮಾಲೀಕನೇ ಬಿಲ್ಲಿಗೆ ಕಾಯುವ ಪಾಳಿ ಬರುತ್ತದೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಕಾಯದೆ ಮಾತ್ರ ಬಿಗಿಯಾಗಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿದ 14 ದಿವಸಗಳೊಳಗೆ ಕಾರಖಾನೆ ಹಣ ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ. ಅದೂ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಗಳು ವಸೂಲಿ ಮಾಡಬಹುದು. ಇಷ್ಟೆಲ್ಲ ಇದ್ದರೂ ಸದಸ್ಯ ಬಾಂಧವರು ಗಮನಿಸಬೇಕಾದ ಒಂದು ಸಣ್ಣ ಮಾತು ಅದೇ ಆದೇಶದಲ್ಲಿದೆ. ಬೇರೆ ರೀತಿಯ ಲಿಖಿತ ಕರಾರು ಇಲ್ಲದಿದ್ದರೆ ಮಾತ್ರ 14 ದಿವಸ. ಕಬ್ಬು ನೋಂದಣಿಯ ಕಾಲಕ್ಕೆ ಫೀಲ್ಡ್‌ಮನ್ ತಂದ ಫಾರ್ಮಿನ ಮೇಲೆ ಬೈಕಿನ ಸೀಟಿನ ಮೇಲಿಟ್ಟು ಸಹಿ ಮಾಡುತ್ತೇವಲ್ಲ, ಅದರಲ್ಲಿ ಏನು ಬರೆದಿದೆ ಎಂದು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ನಾವಂತೂ ಬಹಳ ವರ್ಷ ಓದಿರಲಿಲ್ಲ, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ.

ಕಾರಖಾನೆಯವರ ಕಷ್ಟವನ್ನೂ ಹೇಳದೆ ಬಿಟ್ಟರೆ ಅನ್ಯಾಯವಾದೀತು. ಕಬ್ಬು ಬರುವುದು ನಾಲ್ಕೈದು ತಿಂಗಳಲ್ಲಿ, ಸಕ್ಕರೆ ಮಾರುವುದು ವರ್ಷವಿಡೀ. ಗೋದಾಮಿನ ಸಕ್ಕರೆಯನ್ನು ಬ್ಯಾಂಕಿಗೆ ಅಡವಿಟ್ಟು ತಂದ ಹಣದಲ್ಲಿ ರೈತರ ಬಿಲ್ಲು ಕೊಡಬೇಕು. ಸಕ್ಕರೆ ದರ ಬಿದ್ದರೆ ಬ್ಯಾಂಕು ಕೊಡುವುದೂ ಕಡಿಮೆ, ಬಿಲ್ಲು ಅಲ್ಲಿಗೇ ನಿಂತಿತು. ಹೀಗೆ ನಿಂತಾಗಲೆಲ್ಲ ಕೇಂದ್ರ ಸರಕಾರ ಏನಾದರೂ ಒಂದು ದಾರಿ ಮಾಡುತ್ತ ಬಂದಿದೆ. 2014ರಲ್ಲಿ ಕಾರಖಾನೆಗಳಿಗೆ ಬಡ್ಡಿಯ ಭಾರವಿಲ್ಲದ ಸಾಲ ಕೊಟ್ಟಿತು, 2015ರಲ್ಲಿ ಮತ್ತೆ 6,000 ಕೋಟಿಯ ಸುಲಭ ಸಾಲ. 2015-16ರ ಹಂಗಾಮಿಗೆ ಕ್ವಿಂಟಲ್ ಕಬ್ಬಿಗೆ 4 ರೂ. 50 ಪೈಸೆ, 2017-18ಕ್ಕೆ 5 ರೂ. 50 ಪೈಸೆ ಸಹಾಯಧನವೆಂದಿತು. 2018ರ ಜೂನ್‌ನಲ್ಲಿ ಸಕ್ಕರೆಯನ್ನು ಕಿಲೋಕ್ಕೆ 29 ರೂ.ಗಿಂತ ಕಡಿಮೆಗೆ ಕಾರಖಾನೆ ಮಾರಬಾರದೆಂದು ನಿಬಂಧನೆ ಹಾಕಿತು. 2019ರ ಫೆಬ್ರುವರಿಯಲ್ಲಿ ಅದನ್ನು 31 ರೂ.ಗೆ ಏರಿಸಿತು. ಕಬ್ಬಿನ ರಸದಿಂದ, ಕಾಕಂಬಿಯಿಂದ ಎಥೆನಾಲ್ ಮಾಡಿ ಪೆಟ್ರೋಲಿಗೆ ಬೆರೆಸುವ ಧೋರಣೆಯೂ ಅದೇ ಕಾಲದ್ದು. ಎಥೆನಾಲಿನ ಹಣ ಬೇಗ ಬರುವುದರಿಂದ ಕೆಲವು ಕಡೆ ಬಿಲ್ಲು ಸುಧಾರಿಸಿದ್ದು ನಿಜ. ಆದರೆ ಈ ಸಾಲಗಳೆಲ್ಲ ಕಬ್ಬು ಬೆಳೆಗಾರರ ಹೆಸರಿನಲ್ಲಿ ಬಂದರೂ ಮೊದಲು ಇಳಿದದ್ದು ಕಾರಖಾನೆಯ ಖಾತೆಗೇ. ರೈತನ ಪಾಲಿಗೆ ಬರುವ ಹೊತ್ತಿಗೆ ಹಂಗಾಮು ಕಳೆದು ಕುಳೆ ಕಬ್ಬಿಗೆ ಗೊಬ್ಬರ ಹಾಕುವ ದಿವಸ ದಾಟಿರುತ್ತಿತ್ತು.

ರಾಜ್ಯ ಸರಕಾರವೂ 2013ರಲ್ಲಿ ಕಬ್ಬು ಖರೀದಿ ಮತ್ತು ಪೂರೈಕೆಯ ಕಾಯದೆ ತಂದು ಕಬ್ಬು ನಿಯಂತ್ರಣ ಮಂಡಳಿ ಮಾಡಿತು. ಸಕ್ಕರೆಯ ಉತ್ಪನ್ನದಲ್ಲಿ ರೈತನಿಗೂ ಪಾಲು ಸಲ್ಲಬೇಕೆಂಬ ತತ್ವ ಅದರಲ್ಲಿದೆ. ಅದೇ ವರ್ಷ ನವೆಂಬರ್ 27ರಂದು ಬೆಳಗಾವಿ ಸುವರ್ಣ ವಿಧಾನಸೌಧದ ಬಳಿ ದರಕ್ಕಾಗಿ ನಡೆದ ಚಳವಳಿಯಲ್ಲಿ ನಮ್ಮ ರಾಯಬಾಗ ತಾಲೂಕಿನ ಒಬ್ಬ ಕಬ್ಬು ಬೆಳೆಗಾರರು ವಿಷ ಸೇವಿಸಿ ಪ್ರಾಣ ಬಿಟ್ಟರು. ಅಧಿವೇಶನ ನಡೆದೇ ಇತ್ತು. ಟನ್ನಿಗೆ 2,500 ರೂ. ದರ, ಮೇಲೆ ಬೊಕ್ಕಸದಿಂದ ಸಹಾಯಧನ ಎಂಬ ಘೋಷಣೆಗಳು ಆದವು. ಘೋಷಣೆಯಾದ ದರ ಎಲ್ಲ ಕಾರಖಾನೆಗಳಿಂದ ಪೂರ್ತಿಯಾಗಿ ಕೈಗೆ ಬರಲಿಲ್ಲ. ಆ ವಾರ ಸಂಘಕ್ಕೆ ಬಂದ ಸದಸ್ಯರು ಸಾಲದ ಮಾತು ಎತ್ತಲಿಲ್ಲ, ನಾವೂ ಕೇಳಲಿಲ್ಲ.

ದರದ ಲೆಕ್ಕದಲ್ಲಿಯೇ ಒಂದು ಗಂಟಿದೆ, ಅದನ್ನು ಬಿಡಿಸಿ ಹೇಳಬೇಕು. 2009ರವರೆಗೆ ಕೇಂದ್ರ ಸರಕಾರ ಹೇಳುತ್ತಿದ್ದುದು ಕನಿಷ್ಠ ದರ, ಅಲ್ಲಿಂದ ಮುಂದೆ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ನಾವು ಎಫ್‌ಆರ್‌ಪಿ ಎನ್ನುವುದು. 2025-26ಕ್ಕೆ 10.25 ಪ್ರತಿಶತ ರಿಕವರಿಗೆ ಟನ್ನಿಗೆ 3,550 ರೂ. ರಿಕವರಿ ಒಂದು ಪ್ರತಿಶತ ಏರಿ 11.25 ಆದರೆ ಇನ್ನೂ 346 ರೂ. ಸೇರಿ 3,896 ಆಗುತ್ತದೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಇದು ಕಾರಖಾನೆಯ ಬಾಗಿಲಿಗೆ ಮುಟ್ಟಿದ ಕಬ್ಬಿನ ದರ. ಟೋಳಿಯವರ ಕಟಾವು ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಇದರಲ್ಲಿಯೇ ಕಡಿತ. ಟನ್ನಿಗೆ ಏಳೆಂಟು ನೂರು ಹೋದರೆ ಉಳಿಯುವುದು ಮೂರು ಸಾವಿರದ ಆಚೀಚೆ. ರಿಕವರಿ ಎಷ್ಟು ಬಂತೆಂದು ಹೇಳುವುದು ಕಾರಖಾನೆ, ಕಾಟಾ ಕಾರಖಾನೆಯದು, ಕಡಿತ ಮಾಡುವುದೂ ಕಾರಖಾನೆಯೇ. "ತೂಗವ್ರೂ ಅವ್ರ, ಲೆಕ್ಕಾ ಹಿಡಿಯವ್ರೂ ಅವ್ರ, ನಾವು ಬರೇ ಬೆಳೆಯವ್ರು" ಎಂದು ನಮ್ಮ ಸದಸ್ಯರೊಬ್ಬರು ಸಭೆಯಲ್ಲಿ ಹೇಳಿದ್ದಕ್ಕೆ ಎಲ್ಲರೂ ನಕ್ಕರು. ನಗುವ ಮಾತಾಗಿರಲಿಲ್ಲ.

ಈ ಗಂಟು ಬಿಚ್ಚಿದ್ದು, ಅಥವಾ ಅರ್ಧ ಬಿಚ್ಚಿದ್ದು, ನಮ್ಮ ಪಕ್ಕದ ಗುರ್ಲಾಪುರ ಕ್ರಾಸಿನಲ್ಲಿ. 2025ರ ಅಕ್ಟೋಬರ್ ಕೊನೆಗೆ ರೈತರು ಅಲ್ಲಿ ಕುಳಿತರು. ಬೇಡಿಕೆ ಟನ್ನಿಗೆ 3,500 ರೂ. ನಮ್ಮೂರಿನ ಟ್ರ್ಯಾಕ್ಟರುಗಳು ರೊಟ್ಟಿ, ಪುಂಡಿಪಲ್ಯೆ ಹೊತ್ತು ಹೋದವು, ಸಂಘದ ಸದಸ್ಯರೂ ಹೋದರು. ಒಂದು ವಾರ ರಸ್ತೆ ಬಂದಾಗಿದ್ದರೂ ಯಾರೂ ಬೈದಿದ್ದು ನಾವು ಕೇಳಲಿಲ್ಲ. ಕೊನೆಗೆ ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಕಾರಖಾನೆಯವರನ್ನೂ ರೈತ ಮುಖಂಡರನ್ನೂ ಕರೆಸಿ ಮಾತನಾಡಿ, 11.25 ರಿಕವರಿಗೆ ಕಟಾವು-ಸಾಗಾಣಿಕೆ ಬಿಟ್ಟು 3,300 ರೂ., 10.25ಕ್ಕೆ 3,200 ರೂ. ಎಂದು ತೀರ್ಮಾನ ಮಾಡಿದರು. ಹೆಚ್ಚಿಗೆ ಕೊಡುವ ನೂರು ರೂಪಾಯಿಯಲ್ಲಿ ಐವತ್ತು ಕಾರಖಾನೆಯದು, ಐವತ್ತು ಸರಕಾರದ್ದು. ಮರುದಿನ ಸಕ್ಕರೆ ಸಚಿವ ಶಿವಾನಂದ ಪಾಟೀಲರು ಗುರ್ಲಾಪುರಕ್ಕೆ ಬಂದ ಮೇಲೆ ಧರಣಿ ಮುಗಿಯಿತು. 3,500 ಸಿಗಲಿಲ್ಲ. ಆದರೆ ಕಟಾವು, ಸಾಗಾಣಿಕೆ ಹೊರತಾಗಿ ಕೈಗೆ ಬರುವುದೆಷ್ಟೆಂದು ಬಾಯಿಬಿಟ್ಟು ಹೇಳಿಸಿದ್ದೇ ಆ ಚಳವಳಿಯ ದೊಡ್ಡ ಗಳಿಕೆಯೆಂದು ನಮ್ಮ ಅಭಿಪ್ರಾಯ.

ಇನ್ನು ಸೊಸಾಯಿಟಿಯ ಮಾತು. ರಾಜ್ಯ ಸರಕಾರ 2012ರಿಂದ ಸಹಕಾರಿ ಬೆಳೆಸಾಲಕ್ಕೆ ಶೂನ್ಯ ಬಡ್ಡಿ ಮಾಡಿತು. ಮೊದಲು ಒಂದು ಲಕ್ಷ, ಆಮೇಲೆ ಮೂರು ಲಕ್ಷ, 2023ರಲ್ಲಿ ಐದು ಲಕ್ಷದವರೆಗೆ. ಇಷ್ಟು ದೊಡ್ಡ ಉಪಕಾರ ರೈತನಿಗೆ ಬೇರೆ ಎಲ್ಲಿಂದಲೂ ಆಗಿಲ್ಲ. ಆದರೆ ಶರತ್ತು ಒಂದೇ, ಮುದ್ದತ್ತಿನೊಳಗೆ ತುಂಬಬೇಕು. ಒಂದು ದಿವಸ ತಪ್ಪಿದರೂ ಸಾಲ ಥಕಬಾಕಿ, ಬಡ್ಡಿ ಪೂರ್ತಿ. ಇಲ್ಲಿಯೇ ಬಿಲ್ಲಿನ ತಾರೀಖು ನಮ್ಮ ಕೊರಳಿಗೆ ಬೀಳುತ್ತದೆ. ಕಾರಖಾನೆ ತಡ ಮಾಡಿದ ಹಣಕ್ಕೆ ಬಡ್ಡಿ ಕೊಟ್ಟಿದ್ದನ್ನು ನಾವು ಕಂಡಿಲ್ಲ. ಆ ತಡದಿಂದ ತಪ್ಪಿದ ಸಾಲಕ್ಕೆ ರೈತ ಬಡ್ಡಿ ತುಂಬಿದ್ದನ್ನು ಮಾತ್ರ ಪ್ರತಿ ಮಾರ್ಚಿನಲ್ಲಿ ಕಂಡಿದ್ದೇವೆ. ಒಂದು ವರ್ಷ ನಮ್ಮ ಸದಸ್ಯರೊಬ್ಬರು ಹೆಂಡತಿಯ ಬೋರಮಾಳ ಅಡವಿಟ್ಟು ಮಾರ್ಚ್ 30ಕ್ಕೆ ಸಾಲ ತುಂಬಿದರು. ಬಿಲ್ಲು ಬಂದದ್ದು ಜೂನಿನಲ್ಲಿ. ಮೂರು ತಿಂಗಳ ಬಡ್ಡಿ ಸರಾಫನಿಗೆ.

ಸಾಲಮನ್ನಾಗಳ ನೆನಪೂ ಇದೆ. 1990ರಲ್ಲಿ ಹತ್ತು ಸಾವಿರದವರೆಗೆ ಆಗಿದ್ದು ನಮ್ಮ ಸಂಘ ಹುಟ್ಟುವ ಮುಂಚೆ. 2008ರಲ್ಲಿ ಕೇಂದ್ರದ್ದು, 2017ರಲ್ಲಿ ಸಹಕಾರಿ ಸಾಲದ ಐವತ್ತು ಸಾವಿರ, 2018ರಲ್ಲಿ ಒಂದು ಲಕ್ಷ. ಮುಳುಗುವವನಿಗೆ ಅದು ಆಸರೆಯೇ. ಆದರೆ 2008ರಲ್ಲಿ ವೇಳೆಗೆ ಸರಿಯಾಗಿ ತುಂಬಿದವರು ನಮ್ಮ ಮುಂದೆ ನಿಂತು, "ಹಂಗಾದ್ರ ನಾವು ತುಂಬಿದ್ದು ತಪ್ಪಾತೇನ್ರಿ?" ಎಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಬಿಲ್ಲು ವೇಳೆಗೆ ಬಂದಿದ್ದರೆ ಮನ್ನಾ ಕೇಳುವವರೇ ಅರ್ಧ ಕಡಿಮೆಯಾಗುತ್ತಿದ್ದರೆಂದು ಇಷ್ಟು ವರ್ಷದ ವಸೂಲಿಯ ಅನುಭವದಿಂದ ಹೇಳುತ್ತೇವೆ.

ಅರಿಷಿಣದ ಸಂಗತಿ ಬೇರೆ. ಅದಕ್ಕೆ ಬೆಂಬಲ ಬೆಲೆಯೂ ಇಲ್ಲ, ಎಫ್‌ಆರ್‌ಪಿಯೂ ಇಲ್ಲ. ಕುದಿಸಿ, ಒಣಗಿಸಿ, ಪಾಲಿಷ್ ಮಾಡಿ ಸಾಂಗಲಿಗೆ ಒಯ್ದರೆ ಅಲ್ಲಿಯ ಸವಾಲೇ ದೇವರು. 2025ರ ಜನವರಿಯಲ್ಲಿ ನಿಜಾಮಾಬಾದಿನಲ್ಲಿ ರಾಷ್ಟ್ರೀಯ ಅರಿಷಿಣ ಮಂಡಳಿ ಪ್ರಾರಂಭವಾಗಿದೆ. ಅದು ನಮ್ಮ ಹರಳಿಗೆ ಏನು ಮಾಡುತ್ತದೆಂದು ನೋಡಬೇಕು.

ಗುರ್ಲಾಪುರದ ಧರಣಿ ಮುಗಿದ ಮೇಲೆ ನಾವು ಸಂಘದಲ್ಲಿ ಒಂದು ಸಣ್ಣ ಕೆಲಸ ಪ್ರಾರಂಭ ಮಾಡಿದ್ದೇವೆ. ಕಬ್ಬು ಕಳಿಸಿದ ಸದಸ್ಯರು ಕಾಟಾ ಚೀಟಿ ತಂದು ತೋರಿಸಿದರೆ ತಾರೀಖು, ಟನ್ನು, ಕಾರಖಾನೆ ಇಷ್ಟನ್ನು ಒಂದು ವಹಿಯಲ್ಲಿ ಬರೆದುಕೊಳ್ಳುವುದು, ಬಿಲ್ಲು ಬಂದ ದಿವಸ ಅದರ ಮುಂದೆಯೇ ಇನ್ನೊಂದು ತಾರೀಖು ಹಾಕುವುದು. ಜಿಲ್ಲಾಧಿಕಾರಿಗಳ ಮುಂದೆ ಹೋಗುವ ಪಾಳಿ ಬಂದರೆ ಕೈಯಲ್ಲಿ ಏನಾದರೂ ಇರಬೇಕಲ್ಲ. ಚೀಟಿ ಮನೆಯಲ್ಲಿಟ್ಟುಕೊಂಡ ಸದಸ್ಯರು ದಯಮಾಡಿ ಸೋಮವಾರದಿಂದ ಶನಿವಾರದವರೆಗೆ ಮುಂಜಾನೆಯ ವೇಳೆಯಲ್ಲಿ ತಂದು ಬರೆಸಿಕೊಂಡು ಹೋಗಬೇಕು.